ಎನ್ನೋ, ಪಿಎಲ್ಲೋ? ಕನೆಕ್ಟರ್ ಜಗಳದಲ್ಲಿ ನನ್ನದೂ ಒಂದು ಮಾತು

ಹೋದ ವಾರ ಒಬ್ಬ ಹುಡುಗ ಫೋನ್ ಮಾಡಿದ್ದ. ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿ, ಕಾದು ಕಾದು ಕೊನೆಗೂ ಲೈಸೆನ್ಸ್ ಕೈಗೆ ಬಂದಿದೆಯಂತೆ. ವಿಯು3 ಅಂತ ಶುರುವಾಗುವ ತನ್ನ ಕಾಲ್‌ಸೈನನ್ನು ಒಂದೇ ಫೋನಿನಲ್ಲಿ ಮೂರು ಸಲ ಹೇಳಿದ. (ನಾನೂ ಆಗ ಹಾಗೇ ಹೇಳಿಕೊಂಡು ತಿರುಗಿದವನೇ ಬಿಡಿ.) ರೇಡಿಯೊ ತಂದಾಗಿದೆ, ಆಂಟೆನಾ ಕೈಯಲ್ಲೇ ಮಾಡಿಟ್ಟಾಗಿದೆ, ಅಪ್ಪನನ್ನು ಒಪ್ಪಿಸಿ ಮನೆ ಹಿಂದೆ ಜಿಐ ಪೈಪೂ ನಿಲ್ಲಿಸಿಯಾಗಿದೆ. ಉಳಿದಿರೋದು ಒಂದೇ ಪ್ರಶ್ನೆ. "ಸಾರ್, ಕೇಬಲ್ಲಿಗೆ ಎನ್ ಕನೆಕ್ಟರ್ ಹಾಕ್ಲಾ, ಪಿಎಲ್ ಹಾಕ್ಲಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ."

ಕೆಲವು ವರ್ಷಗಳ ಹಿಂದಾಗಿದ್ದರೆ "ಕೈಗೆ ಯಾವುದು ಸಿಕ್ಕುತ್ತೋ ಅದನ್ನ ಹಾಕು ಮಾರಾಯ, ಮೊದಲು ಗಾಳಿಗೆ ಬಾ" ಅಂದುಬಿಡುತ್ತಿದ್ದೆ. ಈಗ ಹಾಗನ್ನಲು ಬಾಯಿ ಬರೋದಿಲ್ಲ. ಮುಕ್ಕಾಲು ಗಂಟೆ ಕೊರೆದೆ. ಪಾಪ, ಹೂಂ ಹೂಂ ಅಂತಿದ್ದ. ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಹ್ಯಾಮ್ ಅಲ್ಲದವರಿಗೆ ಎರಡು ಮಾತು. ಕೋಆಕ್ಸಿಯಲ್ ಕೇಬಲ್ ಅಂದರೆ ನಿಮ್ಮ ಟೀವಿ ಹಿಂದೆ ಬರುವ ದಪ್ಪ ದುಂಡಗಿನ ಕೇಬಲ್ಲಿನ ಜಾತಿಯದ್ದೇ. ನಡುವೆ ಒಂದು ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ತಾಮ್ರದ ಎಳೆಗಳ ಜಾಲರಿ, ಎಲ್ಲಕ್ಕಿಂತ ಮೇಲೆ ಕಪ್ಪು ಸಿಪ್ಪೆ. ರೇಡಿಯೊದಿಂದ ಆಂಟೆನಾಕ್ಕೆ, ಆಂಟೆನಾದಿಂದ ರೇಡಿಯೊಕ್ಕೆ ಎಲ್ಲ ಓಡಾಟವೂ ಇದರೊಳಗೇ. ಎರಡು ತುದಿಗೂ ಒಂದೊಂದು ಕನೆಕ್ಟರ್ ಬೇಕು. ನಮ್ಮವರ ಜಗಳ ಇರೋದು ಆ ಹೆಬ್ಬೆರಳು ಗಾತ್ರದ ಲೋಹದ ತುಂಡಿನ ಬಗ್ಗೆ. ಹೊರಗಿನವರಿಗೆ ನಗು ಬರಬಹುದು. ನನಗೆ ನಗು ಬರದ ಹಾಗೆ ಮಾಡಿದ್ದು 2019ರ ಆಗಸ್ಟ್.

ಆ ವರ್ಷದ ಆಶ್ಲೇಷಾ ಮಳೆ ನೆನಪಿದೆಯಲ್ಲ? ಉತ್ತರ ಕರ್ನಾಟಕ, ಮಲೆನಾಡು, ಕೊಡಗು ಅಂತಿಲ್ಲ, ಎಲ್ಲ ಕಡೆ ನೀರೇ ನೀರು. ನಮ್ಮೂರಲ್ಲಿ ಕರೆಂಟು ಹೋಗಿ ಮೂರನೇ ದಿನಕ್ಕೆ ಮೊಬೈಲ್ ಟವರೂ ಸತ್ತಿತು. ಲ್ಯಾಂಡ್‌ಲೈನು ಮೊದಲೇ ಸತ್ತಿತ್ತು. ನನ್ನ ಹತ್ತಿರ ಕಾರಿನ ಬ್ಯಾಟರಿ, 50 ವ್ಯಾಟಿನ ವಿಎಚ್‌ಎಫ್ ರೇಡಿಯೊ, ಅಡಿಕೆ ತೋಟದ ಏರಿ ಮೇಲೆ ಎತ್ತರದ ಪೈಪಿಗೆ ಕಟ್ಟಿದ ಆಂಟೆನಾ. ಗುಡ್ಡದ ಮೇಲಿನ ರಿಪೀಟರ್ ಬ್ಯಾಟರಿಯಲ್ಲಿ ಓಡುತ್ತಿತ್ತು. ತಾಲೂಕು ಕೇಂದ್ರದಲ್ಲಿ ನಮ್ಮ ಹಿರಿಯ ಹ್ಯಾಮ್ ಒಬ್ಬರು, ನಾವೆಲ್ಲ ಅಣ್ಣಯ್ಯ ಅನ್ನೋದು, ಹಗಲೂ ರಾತ್ರಿ ಕೂತು ಅವರಿವರ ಸುದ್ದಿ ತಗೊಂಡು ಮುಟ್ಟಿಸುತ್ತಿದ್ದರು. ಇದಕ್ಕೇ ಅಲ್ಲವಾ ನಾವು ಇಷ್ಟು ವರ್ಷ ಈ ಹುಚ್ಚು ಕಟ್ಟಿಕೊಂಡಿದ್ದು ಅಂತ ಒಳಗೊಳಗೇ ಹೆಮ್ಮೆ ಬೇರೆ.

ಕೆಳಗಿನ ಮನೆಯ ಅತ್ತೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಪೇಟೆಯಿಂದ ಅವರ ಮಗ ಕಾರು ತಗೊಂಡು ಹೊರಟಿದ್ದ. ಆದರೆ ಬೆಳಿಗ್ಗೆ ಸೇತುವೆಯ ಈಚೆ ದಡದ ಮಣ್ಣು ಕುಸಿದು ರಸ್ತೆಯೇ ಇಲ್ಲ. ಮೇಲಿನ ದಾರಿಯಲ್ಲಿ ಸುತ್ತಿ ಬಾ ಅಂತ ಹೇಳಬೇಕು, ಅಷ್ಟೆ. ರೇಡಿಯೊ ಹಚ್ಚಿದೆ. ಅಣ್ಣಯ್ಯನ ಮಾತು ನನಗೆ ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟ. ನನ್ನ ಮಾತು ಅವರಿಗೆ ಇಲ್ಲ. "ನಿಂದು ಕ್ಯಾರಿಯರ್ ಬಂದು ಬಂದು ಹೋಗ್ತಾ ಇದೆ, ಮಾತು ಸಿಗ್ತಿಲ್ಲ, ಮತ್ತೊಮ್ಮೆ ಹೇಳು" ಅಂತ ಅವರು ಕೇಳುತ್ತಲೇ ಇದ್ದರು. ನಾನು ಕೂಗುತ್ತಲೇ ಇದ್ದೆ. (ಎಫ್‌ಎಮ್‌ನಲ್ಲಿ ಕೂಗಿದರೆ ಏನೂ ಉಪಯೋಗ ಇಲ್ಲ ಅಂತ ಪರೀಕ್ಷೆಗೆ ಓದಿದ್ದೇ ಮರೆತುಹೋಗಿತ್ತು.) ಕೊನೆಗೆ ಪಕ್ಕದ ಮನೆ ಹುಡುಗ ಬೈಕ್ ಹತ್ತಿದ. ಅವನು ಸುತ್ತು ಹೊಡೆದು ಮುಟ್ಟುವಷ್ಟರಲ್ಲಿ ಕಾರು ಕುಸಿದ ದಡದ ಆಚೆ ಬಂದು ನಿಂತಾಗಿತ್ತು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ತೋಟದೊಳಗಿಂದ ಮೇಲಿನ ರಸ್ತೆಗೆ ಹೊತ್ತರು. ಆಸ್ಪತ್ರೆ ಮುಟ್ಟುವಾಗ ರಾತ್ರಿ. ಪುಣ್ಯಕ್ಕೆ ಏನೂ ಆಗಲಿಲ್ಲ. ಆಮೇಲೆ ಅತ್ತೆ ಕೇಳಿದ್ದು ಒಂದೇ ಮಾತು: "ನಿನ್ನ ರೇಡಿಯೊ ಕೆಟ್ಟಿತ್ತೇನೋ ಮಾರಾಯ?"

ರೇಡಿಯೊ ಕೆಟ್ಟಿರಲಿಲ್ಲ. ಆಂಟೆನಾನೂ ಸರಿ ಇತ್ತು. ಕೆಟ್ಟಿದ್ದು ಪೈಪಿನ ತುದಿಯಲ್ಲಿದ್ದ ಕನೆಕ್ಟರ್. ಅದನ್ನು ಹಾಕಿದವನು ನಾನೇ.

ಮಳೆ ಹೊಳವಾದ ಮೇಲೆ ಇಳಿಸಿ ನೋಡಿದೆ. 2017ರ ಬೇಸಿಗೆಯಲ್ಲಿ ಹಾಕಿದ ಪಿಎಲ್-259. ಮೇಲೆ ಎಲೆಕ್ಟ್ರಿಕ್ ಅಂಗಡಿಯ ಕಪ್ಪು ಪಿವಿಸಿ ಟೇಪು. ಟೇಪು ಬಿಚ್ಚಿದರೆ ಒಂದು ಚಮಚೆಯಷ್ಟು ನೀರು ಕೈಮೇಲೆ ಸುರಿಯಿತು. ಕೇಬಲ್ ಸಿಪ್ಪೆ ಸೀಳಿದರೆ ತಾಮ್ರದ ಜಾಲರಿ ಕಪ್ಪಾಗಿ, ಅಲ್ಲಲ್ಲಿ ಹಸಿರು ಪಾಚಿ ಕಟ್ಟಿದ ಹಾಗೆ. ಒಂದು ಅಡಿ ಕತ್ತರಿಸಿದೆ, ಕಪ್ಪು. ಎರಡು ಅಡಿ, ಕಪ್ಪು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ಜಾಲರಿ ಮೂರು ಮಳೆಗಾಲದ ನೀರನ್ನು ಹೀರಿಕೊಂಡು ಕೆಳಗೆ ಕೆಳಗೆ ಇಳಿಸಿತ್ತು. ಇಪ್ಪತ್ತೈದು ಮೀಟರ್ ಆರ್‌ಜಿ-213 ಕೇಬಲ್ಲು ದನ ಕಟ್ಟಲಿಕ್ಕಷ್ಟೇ ಲಾಯಕ್ಕು.

ನನಗೆ ಮೊದಲೇ ಗೊತ್ತಾಗಲಿಲ್ಲವಾ? ಹೊಸಬರು ಕಿವಿಗೊಟ್ಟು ಕೇಳಬೇಕಾದ್ದು ಇದನ್ನೇ. ನಾನು ಪ್ರತಿ ವರ್ಷ ಮೇ ಕೊನೆಗೆ ತಪ್ಪದೆ ಎಸ್‌ಡಬ್ಲ್ಯೂಆರ್ ಮೀಟರ್ ಹಾಕಿ ನೋಡುತ್ತಿದ್ದೆ. ಕಳಿಸಿದ ಶಕ್ತಿ ಎಷ್ಟು ಆಂಟೆನಾ ತನಕ ಹೋಗಿ ವಾಪಸ್ ಬರುತ್ತದೆ ಅಂತ ಹೇಳುವ ಮೀಟರ್ ಅದು. 1 ಬಂದರೆ ಉತ್ತಮ, 2 ದಾಟಿದರೆ ಎದ್ದು ನೋಡು ಅಂತ ಲೆಕ್ಕ. ಮೊದಲ ವರ್ಷ 1.5 ಇತ್ತು. ಮರುವರ್ಷ 1.4. ಆ ವರ್ಷದ ಮೇ ತಿಂಗಳಲ್ಲಿ 1.2! "ಆಂಟೆನಾ ವರ್ಷ ಹೋದ ಹಾಗೆ ಪಳಗ್ತಾ ಇದೆ" ಅಂತ ನಾನು ಅಣ್ಣಯ್ಯನ ಹತ್ತಿರ ಕೊಚ್ಚಿಕೊಂಡಿದ್ದೂ ಉಂಟು :-)

ಅದು ಪಳಗಿದ್ದಲ್ಲ, ಕೇಬಲ್ ಸತ್ತಿದ್ದು. ಕೇಬಲ್ಲೇ ಶಕ್ತಿಯನ್ನು ತಿಂದುಹಾಕಿದರೆ ಮೇಲಕ್ಕೆ ಹೋಗೋದೇ ಕಮ್ಮಿ, ಅಲ್ಲಿಂದ ತಿರುಗಿ ಬರೋದು ಇನ್ನೂ ಕಮ್ಮಿ. ಬರುವಾಗಲೂ ಅದೇ ದಾರಿ ತಾನೆ? ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸುಂಕ. ಹಾಗಾಗಿ ಕೆಳಗೆ ಕೂತ ಮೀಟರಿಗೆ "ವಾಪಸ್ ಬಂದದ್ದು ಇಲ್ಲವೇ ಇಲ್ಲ, ಎಲ್ಲ ಸುಖ" ಅನ್ನಿಸುತ್ತದೆ. ಕೇಬಲ್ ಬದಲಿಸುವ ಮೊದಲು ಒಂದು ಪ್ರಯೋಗ ಮಾಡಿದ್ದೆ. ಆಂಟೆನಾವನ್ನೇ ಪೂರ್ತಿ ಕಳಚಿ, ಮೇಲಿನ ತುದಿಯಲ್ಲಿ ಏನೂ ಇಲ್ಲದ ಹಾಗೆ ಬಿಟ್ಟು, ಕೆಳಗೆ ಕಮ್ಮಿ ಪವರಿನಲ್ಲಿ ಮೀಟರ್ ನೋಡಿದೆ. ಸರಿಯಾದ ಕೇಬಲ್ ಆಗಿದ್ದರೆ ಮುಳ್ಳು ಆಚೆ ತುದಿಗೆ ಹೊಡೆಯಬೇಕು. ನನ್ನದು 1.3ರ ಹತ್ತಿರ ಆರಾಮಾಗಿ ಕೂತಿತ್ತು. ಆಂಟೆನಾ ಇಲ್ಲ, ಆದರೂ ಮೀಟರಿಗೆ ಸಮಾಧಾನ! ಲೆಕ್ಕ ಹಾಕಿದರೆ ಸುಮಾರು 9 ಡಿಬಿ ನಷ್ಟ. ಅಂದರೆ ಕೆಳಗೆ 50 ವ್ಯಾಟ್ ಕೊಟ್ಟರೆ ಮೇಲೆ ತಲುಪೋದು 6 ವ್ಯಾಟ್ ಚಿಲ್ಲರೆ. ರಿಪೀಟರಿನ ಸಿಗ್ನಲ್ ನಮ್ಮಲ್ಲಿ ಜೋರಾಗಿದ್ದದ್ದರಿಂದ ಅಷ್ಟು ಕಳೆದುಕೊಂಡರೂ ನನ್ನ ಕಿವಿಗೆ ಚೆನ್ನಾಗೇ ಕೇಳುತ್ತಿತ್ತು. ರೋಗ ಮುಚ್ಚಿಹೋಗಿದ್ದು ಅದರಿಂದಲೂ ಹೌದು.

ಈಗ ಜಗಳಕ್ಕೆ ಬರೋಣ. ಎನ್ ಪಕ್ಷದವರ ಮಾಮೂಲಿ ವಾದ: ಪಿಎಲ್-259 ಹಳೇ ಕಾಲದ್ದು, ಅದರ ಇಂಪೀಡನ್ಸ್ 50 ಓಮ್ ಅಲ್ಲ, ಸಿಗ್ನಲ್ ನಷ್ಟ ಆಗುತ್ತೆ. ಪಿಎಲ್ ಪಕ್ಷದವರ ಮಾಮೂಲಿ ಉತ್ತರ: ನಲವತ್ತು ವರ್ಷದಿಂದ ಇದನ್ನೇ ಹಾಕಿ ದೇಶವೆಲ್ಲ ಮಾತಾಡಿದೀವಿ, ಏನು ನಷ್ಟ? ನನ್ನ ಅಭಿಪ್ರಾಯ ಏನಂದರೆ, ಇಬ್ಬರೂ ಬೇರೆ ಯಾವುದೋ ಊರಿನ ಜಗಳ ಆಡುತ್ತಿದ್ದಾರೆ.

ಪಿಎಲ್-259 ಹಳೆಯದು ನಿಜ. ಅಮೆರಿಕದ ಆಂಫೆನಾಲ್ ಕಂಪನಿಯಲ್ಲಿ 1930ರ ದಶಕದಲ್ಲಿ ಹುಟ್ಟಿದ್ದು. ಇದಕ್ಕೆ 'ಯುಎಚ್‌ಎಫ್ ಕನೆಕ್ಟರ್' ಅನ್ನೋ ಹೆಸರಿರೋದೇ ಒಂದು ತಮಾಷೆ. ಆ ಕಾಲಕ್ಕೆ 30 ಮೆಗಾಹರ್ಟ್ಸ್ ದಾಟಿದ್ದೆಲ್ಲ ಅತಿ ಎತ್ತರದ ಫ್ರೀಕ್ವೆನ್ಸಿಯೇ. ಈಗ ನಾವು ಯುಎಚ್‌ಎಫ್ ಅನ್ನುವ ಜಾಗದಲ್ಲಿ ಅದನ್ನು ಹಾಕಬಾರದು ಅನ್ನುತ್ತೇವೆ! ಎನ್ ಕನೆಕ್ಟರ್ ಬಂದದ್ದು 1940ರ ದಶಕದಲ್ಲಿ, ಬೆಲ್ ಲ್ಯಾಬ್ಸಿನ ಪಾಲ್ ನೀಲ್ ಅವರಿಂದ. ಆ 'ಎನ್' ಅವರ ಹೆಸರಿನದ್ದೇ. ಅದು ತುದಿಯಿಂದ ತುದಿಗೆ 50 ಓಮ್, ಹತ್ತು ಗಿಗಾಹರ್ಟ್ಸ್ ದಾಟಿದರೂ ಜಗ್ಗೋದಿಲ್ಲ.

ಆದರೆ ನಮ್ಮ 145 ಮೆಗಾಹರ್ಟ್ಸಿನಲ್ಲಿ ಸರಿಯಾಗಿ ಹಾಕಿದ ಒಂದು ಪಿಎಲ್-259 ತಿನ್ನೋದು ಒಂದು ಡಿಬಿಯ ಹತ್ತನೇ ಒಂದು ಭಾಗವೂ ಅಲ್ಲ. ಸಪೂರದ ಆರ್‌ಜಿ-58 ಕೇಬಲ್ಲು ಅಷ್ಟನ್ನು ಅರ್ಧ ಮೀಟರಿನಲ್ಲೇ ತಿಂದು ತೇಗುತ್ತದೆ. ಇಪ್ಪತ್ತು ಮೀಟರ್ ಆರ್‌ಜಿ-58 ಎಳೆದುಕೊಂಡು 4 ಡಿಬಿ, ಅಂದರೆ 50 ವ್ಯಾಟಿನಲ್ಲಿ 30 ವ್ಯಾಟ್ ದಾರಿಯಲ್ಲೇ ಚೆಲ್ಲಿಕೊಂಡು, ಆಮೇಲೆ ಕನೆಕ್ಟರ್ ನಷ್ಟದ ಬಗ್ಗೆ ಭಾಷಣ ಮಾಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೇ ದೂರಕ್ಕೆ ಆರ್‌ಜಿ-213 ಆದರೆ 2 ಡಿಬಿಯೊಳಗೆ, ಎಲ್‌ಎಮ್‌ಆರ್-400 ಆದರೆ ಒಂದು ಡಿಬಿ ಆಸುಪಾಸು. ದುಡ್ಡಿದ್ದರೆ ಮೊದಲು ಅಲ್ಲಿ ಹಾಕಿ. 435 ಮೆಗಾಹರ್ಟ್ಸಿಗೆ ಹೋದರೆ ಪಿಎಲ್‌ನ ಕುಂದು ಲೆಕ್ಕಕ್ಕೆ ಬರತೊಡಗುತ್ತದೆ, ಅದು ಒಪ್ಪುವ ಮಾತು. ಐಕಾಂ ಕಂಪನಿಯ ಐಸಿ-9700 ಹಿಂಭಾಗ ನೋಡಿ: 144ರ ಆಂಟೆನಾಕ್ಕೆ ಪಿಎಲ್ ಕೂರುವ ಎಸ್‌ಒ-239 ಸಾಕೆಟ್ಟು, 430ಕ್ಕೂ 1200ಕ್ಕೂ ಎನ್. ರೇಡಿಯೊ ಮಾಡುವವರೇ ಗೆರೆ ಎಲ್ಲಿ ಎಳೆದಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತೆ.

ಹಾಗಾದರೆ ನಾನು ಎನ್ ಪಕ್ಷವೋ ಪಿಎಲ್ ಪಕ್ಷವೋ? ಮನೆಯ ಹೊರಗೆ ಎನ್ ಪಕ್ಷ. ಕಾರಣ ಡಿಬಿ ಅಲ್ಲ, ನೀರು.

ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಪಿಎಲ್-259ರ ಒಳಗೆ ರಬ್ಬರ್ ಅನ್ನೋದೇ ಇಲ್ಲ. ಜಾಲರಿಗೆ ಬೆಸುಗೆ ಹಾಕಲು ಮೈಮೇಲೆ ನಾಲ್ಕು ತೂತು ಬಿಟ್ಟಿರುತ್ತಾರೆ. ಅವು ನೇರ ತಾಮ್ರದ ಜಾಲರಿಗೇ ತೆರೆದ ಬಾಗಿಲು. ಹಿಂದಿನ ಬಾಯಿ, ಕೇಬಲ್ ಒಳಹೋಗುವ ಕಡೆ, ಬರೀ ಲೋಹ ಮತ್ತು ಸಿಪ್ಪೆ. ತಿರುಗಿಸಿ ಬಿಗಿ ಮಾಡುವ ಹೊರಗಿನ ಬಳೆಯ ಮರೆ ಸಾಕು ಸಾಕು ಅನ್ನುವಷ್ಟು ಸಡಿಲ. ಗೋಡೆ ಇಲ್ಲದ ಕೊಟ್ಟಿಗೆಗೆ ಮಳೆ ಹೊಡೆದ ಹಾಗೆ ನೀರು ನಾಲ್ಕೂ ದಿಕ್ಕಿನಿಂದ ಬರಬಹುದು. ಎನ್ ಕನೆಕ್ಟರಿನಲ್ಲಿ ಗಂಡು ಹೆಣ್ಣು ಸೇರುವ ಜಾಗಕ್ಕೆ ಒಂದು ರಬ್ಬರ್ ವಾಶರ್ ಇದೆ, ಬಿಗಿ ಮಾಡಿದಾಗ ಅದು ಒತ್ತಿಕೊಂಡು ಕೂರುತ್ತೆ. ಕ್ಲಾಂಪ್ ನಮೂನೆಯದ್ದಾದರೆ ಹಿಂದಿನ ಬಾಯಲ್ಲೂ ಕೇಬಲ್ಲನ್ನು ಅವಚಿ ಹಿಡಿಯುವ ರಬ್ಬರ್ ಇರುತ್ತೆ. ಮಾಡಿದವರು ನೀರಿನ ಬಗ್ಗೆ ಒಂದು ಗಳಿಗೆ ಯೋಚನೆ ಮಾಡಿದ್ದಾರೆ ಅನ್ನೋದು ಕಾಣುತ್ತೆ. ವರ್ಷಕ್ಕೆ ನಾಲ್ಕು ತಿಂಗಳು ನೆನೆಯುವ ನಮ್ಮಂಥ ಊರಿಗೆ ಇದು ಸಣ್ಣ ವಿಷಯ ಅಲ್ಲ.

ಮನೆಯೊಳಗೆ, ಎಚ್‌ಎಫ್ ರೇಡಿಯೊದ ಹಿಂದೆ, ಟ್ಯೂನರಿಗೆ, ಪವರ್ ಮೀಟರಿಗೆ, ಪಿಎಲ್-259 ಇರಲಿ. ಎಲ್ಲ ರೇಡಿಯೊಗಳೂ ಅದನ್ನೇ ಕೊಟ್ಟಿರುವಾಗ ಬದಲಿಸುವ ಉಸಾಬರಿ ಯಾಕೆ? 7 ಮೆಗಾಹರ್ಟ್ಸಿನಲ್ಲಿ ತರಂಗದ ಉದ್ದ 40 ಮೀಟರ್. ಎರಡಿಂಚಿನ ಕನೆಕ್ಟರ್ 50 ಓಮೋ 35 ಓಮೋ, ಆ ಅಲೆಗೆ ಅದು ಕಾಣಿಸೋದೇ ಇಲ್ಲ. ಗಟ್ಟಿ ಜೀವ, ಒರಟು ಕೈಗೂ ಬಾಳುತ್ತೆ, ಪವರ್ ತಡೆಯುತ್ತೆ. ಹಿರಿಯರು ಅದನ್ನು ಸುಮ್ಮನೆ ಹೊಗಳೋದಲ್ಲ.

ಇನ್ನು ಕೊಳ್ಳುವ ವಿಷಯ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ "ಒಂದು ಎನ್ ಕನೆಕ್ಟರ್ ಕೊಡಿ" ಅಂದರೆ ಅಂಗಡಿಯವನು ಒಂದನ್ನು ಕೊಟ್ಟೇ ಕೊಡುತ್ತಾನೆ. ಅದು ನಿಮ್ಮ ಕೇಬಲ್ಲಿನದ್ದೇ ಅಂತ ನೋಡಿಕೊಳ್ಳೋದು ನಿಮ್ಮ ಕೆಲಸ. ಆರ್‌ಜಿ-213 ಮತ್ತು ಎಲ್‌ಎಮ್‌ಆರ್-400 ಹೊರಗಿನಿಂದ ಒಂದೇ ದಪ್ಪ, ಸುಮಾರು 10.3 ಮಿಲಿಮೀಟರ್. ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಳಗಿನ ತಂತಿ ಮಾತ್ರ ಬೇರೆ. ಮೊದಲನೆಯದು ಏಳು ಎಳೆ ಸೇರಿ 2.26 ಮಿ.ಮೀ., ಎರಡನೆಯದು ಒಂದೇ ಗಟ್ಟಿ ತಂತಿ, 2.74 ಮಿ.ಮೀ. ಆರ್‌ಜಿ-213ರ ಎನ್ ಕನೆಕ್ಟರಿನ ನಡುಪಿನ್ನಿನ ತೂತಿಗೆ ಎಲ್‌ಎಮ್‌ಆರ್ ತಂತಿ ಹೋಗೋದಿಲ್ಲ. ಆಗ ನಮ್ಮವರು ಏನು ಮಾಡ್ತಾರೆ? ಅರ ತಗೊಂಡು ತಂತಿಯನ್ನು ಉಜ್ಜಿ ಸಪೂರ ಮಾಡ್ತಾರೆ! ಎಲ್‌ಎಮ್‌ಆರ್ ತಂತಿ ಒಳಗೆ ಅಲ್ಯೂಮಿನಿಯಂ, ಮೇಲೆ ತೆಳ್ಳಗೆ ತಾಮ್ರದ ಹೊದಿಕೆ. ಸಿಗ್ನಲ್ ಹರಿಯೋದು ಆ ಹೊದಿಕೆಯಲ್ಲಿ. ಅದನ್ನೇ ಉಜ್ಜಿ ತೆಗೆದ ಮೇಲೆ ಬೆಸುಗೆಯೂ ಸರಿಯಾಗಿ ಹಿಡಿಯಲ್ಲ. ಈ ಕೆಲಸ ನಾನೂ ಒಮ್ಮೆ ಮಾಡಿದ್ದೇನೆ, ಅದಕ್ಕೇ ಇಷ್ಟು ವಿವರವಾಗಿ ಗೊತ್ತು. ಕೇಬಲ್ಲಿನ ಒಂದು ಗೇಣು ತುಂಡನ್ನು ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅಲ್ಲೇ ಪಿನ್ ತೂರಿಸಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. 75 ಓಮಿನ ಎನ್ ಕೂಡ ಇದೆ, ಅದರ ಪಿನ್ ಇನ್ನೂ ಸಪೂರ. ಹಳೇ ಸಾಮಾನಿನ ರಾಶಿಯಿಂದ ಆರಿಸುವಾಗ ಅದು ಕೈಗೆ ಬಂದರೆ ನಮ್ಮ ದಪ್ಪ ಪಿನ್ ಹೊಕ್ಕು ಅದನ್ನು ಸೀಳಿಬಿಡುತ್ತೆ.

ಪಿಎಲ್ ಕೊಳ್ಳುವಾಗ ಒಳಗಿನ ಬಿಳಿ ಪ್ಲಾಸ್ಟಿಕ್ ಟೆಫ್ಲಾನ್ ಹೌದೋ ಅಲ್ಲವೋ ಕೇಳಿ. ಅಗ್ಗದ ಪ್ಲಾಸ್ಟಿಕ್ ಆದರೆ ಬೆಸುಗೆಯ ಬಿಸಿಗೆ ಕರಗಿ ನಡುಪಿನ್ ಓರೆಯಾಗುತ್ತೆ. ಹೊರಗೆ ಕನ್ನಡಿಯ ಹಾಗೆ ಹೊಳೆಯುವುದನ್ನು ನೋಡಿ ಮರುಳಾಗಬೇಡಿ. ಆ ಹೊಳಪಿನ ಲೇಪದ ಮೇಲೆ ಸೀಸ ನಿಲ್ಲೋದಿಲ್ಲ, ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿ ಹೋಗುತ್ತೆ. ತೂತಿನ ಸುತ್ತ ಅರದಿಂದ ಉಜ್ಜಿ ಒಳಲೋಹ ಕಾಣುವಂತೆ ಮಾಡಬೇಕು. ಬೆಳ್ಳಿ ಲೇಪದ್ದು ಸಿಕ್ಕರೆ ಒಂದಿಷ್ಟು ಹೆಚ್ಚು ಕೊಟ್ಟಾದರೂ ತಗೊಳ್ಳಿ, ಬೆಸುಗೆ ಬೆಣ್ಣೆಯ ಹಾಗೆ ಹಿಡಿಯುತ್ತೆ. ಮನೆಯಲ್ಲಿರುವ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನಿಂದ ಈ ಕೆಲಸ ಆಗೋದಲ್ಲ. ಅಷ್ಟು ದೊಡ್ಡ ಲೋಹ ಬಿಸಿಯಾಗುವಷ್ಟರಲ್ಲಿ ಕೇಬಲ್ ಒಳಗಿನ ಪ್ಲಾಸ್ಟಿಕ್ ಪಾಯಸ ಆಗಿರುತ್ತೆ. 100 ವ್ಯಾಟಿನ ದಪ್ಪ ಮೂತಿಯದ್ದು ಬೇಕು. ಜೋರು ಬಿಸಿ, ಬೇಗ ಕೆಲಸ, ಬೇಗ ಬಿಡುಗಡೆ.

ಬೆಸುಗೆಯೋ ಕ್ರಿಂಪೋ ಅನ್ನೋದು ಇನ್ನೊಂದು ದೊಡ್ಡ ಜಗಳ. ಸರಿಯಾದ ಇಕ್ಕಳವಿದ್ದರೆ ಕ್ರಿಂಪೇ ವಾಸಿ ಅಂತ ನಾನು ಈಗ ಹೇಳುತ್ತೇನೆ. ಹತ್ತು ಮಾಡಿದರೆ ಹತ್ತೂ ಒಂದೇ ಥರ ಬರುತ್ತವೆ. ನನ್ನ ಬೆಸುಗೆಯಲ್ಲಿ ಹತ್ತಕ್ಕೆ ಏಳು. ಆದರೆ ಇಕ್ಕಳದ ಆರು ಮೂಲೆಯ ಬಾಯಿ ಕೇಬಲ್ಲಿಗೆ ತಕ್ಕ ಅಳತೆಯದ್ದೇ ಇರಬೇಕು, ಆರ್‌ಜಿ-58ಕ್ಕೆ 5.4 ಮಿ.ಮೀ., ಆರ್‌ಜಿ-213 ಮತ್ತು ಎಲ್‌ಎಮ್‌ಆರ್-400ಕ್ಕೆ 10.9. ಕಟಿಂಗ್ ಪ್ಲೇಯರಿನಲ್ಲಿ ಚಪ್ಪಟೆ ಮಾಡಿ "ಕ್ರಿಂಪ್ ಮಾಡಿದೆ" ಅನ್ನೋರಿಗೆ ದೊಡ್ಡ ನಮಸ್ಕಾರ. ಇಕ್ಕಳ ದುಬಾರಿ ಹೌದು. ನಾವು ನಾಲ್ಕು ಜನ ಸೇರಿ ಒಂದು ತಗೊಂಡೆವು. ಅದು ಸದ್ಯ ಯಾರ ಮನೆಯಲ್ಲಿದೆ ಅಂತ ಹುಡುಕೋದೇ ಒಂದು ಕೆಲಸ :-)

ಬಿಎನ್‌ಸಿ ಬಗ್ಗೆ ನನಗೊಂದು ಮೋಹ ಇದೆ, ಮುಚ್ಚಿಡೋದಿಲ್ಲ. ಕಾಲು ಸುತ್ತು ತಿರುಗಿಸಿದರೆ ಟಕ್ ಅಂತ ಕೂರುತ್ತೆ, ಕತ್ತಲಲ್ಲೂ ಹಾಕಬಹುದು. ಕೈಯಲ್ಲಿ ಹಿಡಿದು ತಿರುಗುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಇಸ್ರೋ 2005ರಲ್ಲಿ ಹಾರಿಸಿದ ನಮ್ಮ ಹ್ಯಾಮ್‌ಸ್ಯಾಟ್ 2014ರಲ್ಲಿ ಮೌನವಾಗುವ ತನಕ ಅಂಗಳದಲ್ಲಿ ನಿಂತು ಕೈಯಲ್ಲಿ ಯಾಗಿ ಹಿಡಿದು ಅದರ ಹಿಂದೆ ಆಕಾಶವೆಲ್ಲ ತಿರುಗಿದ್ದೇವೆ. ಆ ಎರಡೂ ಆಂಟೆನಾಗಳಿಗೆ ಬಿಎನ್‌ಸಿಯೇ ಇದ್ದದ್ದು. ಅದರ ಬೀಕನ್ ದನಿ ಮೊದಲ ಸಲ ಕೇಳಿದ ಸಂಜೆಯನ್ನು ಈಗ ಬರೆಯತೊಡಗಿದರೆ ಕನೆಕ್ಟರ್ ಅಲ್ಲೇ ಉಳಿದೀತು, ಇನ್ನೊಮ್ಮೆ ಬರೆಯುತ್ತೇನೆ.

ಅಡಾಪ್ಟರ್‌ಗಳ ಬಗ್ಗೆ ಮಾತ್ರ ನನಗೆ ಯಾವ ಪ್ರೀತಿಯೂ ಇಲ್ಲ. ಎಸ್‌ಎಮ್‌ಎಯಿಂದ ಬಿಎನ್‌ಸಿ, ಬಿಎನ್‌ಸಿಯಿಂದ ಪಿಎಲ್, ಪಿಎಲ್‌ನಿಂದ ಎನ್ ಅಂತ ಪೋಣಿಸಿ, ಆ ಸರಪಳಿಗೆ ಹತ್ತು ಮಿಲಿಮೀಟರ್ ದಪ್ಪದ ಕೇಬಲ್ ನೇತುಹಾಕಿ, ಅದನ್ನು ಅಂಗೈ ಅಗಲದ ಹ್ಯಾಂಡಿ ರೇಡಿಯೊದ ನೆತ್ತಿಗೆ ಸಿಕ್ಕಿಸುವವರಿದ್ದಾರೆ. ಎಸ್‌ಎಮ್‌ಎ ನೆಲಗಡಲೆ ಗಾತ್ರದ ಕನೆಕ್ಟರ್, ಅದು ಹುಟ್ಟಿದ್ದು ಉಪಕರಣಗಳ ಹೊಟ್ಟೆಯೊಳಗೆ ಇರಲಿಕ್ಕೆ. ದಿನಾ ಹಾಕಿ ತೆಗೆಯಲಿಕ್ಕಲ್ಲ, ಭಾರ ಹೊರಲಿಕ್ಕಂತೂ ಅಲ್ಲವೇ ಅಲ್ಲ. ಕಿತ್ತು ಬರೋದು ಕನೆಕ್ಟರ್ ಅಲ್ಲ, ಬೋರ್ಡಿನ ಬೆಸುಗೆಯೇ. ಒಂದು ಮೊಳ ಸಪೂರ ಕೇಬಲ್ಲಿನ ಒಂದು ತುದಿಗೆ ಎಸ್‌ಎಮ್‌ಎ, ಇನ್ನೊಂದಕ್ಕೆ ಎನ್ ಹೆಣ್ಣು ಹಾಕಿಟ್ಟುಕೊಳ್ಳಿ, ಭಾರವೆಲ್ಲ ಮೇಜಿನ ಮೇಲೆ ಮಲಗುತ್ತೆ. ತರಿಸುವ ಮೊದಲು ಗಂಡೋ ಹೆಣ್ಣೋ ಸರಿಯಾಗಿ ನೋಡಿ. ಯುವಿ-5ಆರ್ ಥರದ ಚೀನಾ ಹ್ಯಾಂಡಿಗಳ ನೆತ್ತಿಯಲ್ಲಿರೋದು ಗಂಡು, ಜಪಾನಿನವುಗಳಲ್ಲಿ ಸಾಮಾನ್ಯವಾಗಿ ಹೆಣ್ಣು. ಇದರ ಮೇಲೆ ವೈಫೈಯವರ ರಿವರ್ಸ್ ಜಾತಿ ಬೇರೆ, ಮರೆ ಸರಿಯಾಗಿ ಕೂರುತ್ತೆ, ಒಳಗೆ ಪಿನ್ನೇ ಇರಲ್ಲ!

ಕನೆಕ್ಟರ್ ಯಾವುದೇ ಇರಲಿ, ಹೊರಗಿದ್ದರೆ ಅದಕ್ಕೆ ಅಂಗಿ ತೊಡಿಸಲೇಬೇಕು. ಎನ್ ಹಾಕಿದೆ, ರಬ್ಬರ್ ಇದೆ ಅಂತ ಬರಿಮೈಯಲ್ಲಿ ಬಿಡಬೇಡಿ. ನಾನು ಮಾಡಿದ ತಪ್ಪು ಬರೀ ಪಿವಿಸಿ ಟೇಪು ಸುತ್ತಿದ್ದು, ಅದೂ ಮೇಲಿನಿಂದ ಕೆಳಕ್ಕೆ. ಬಿಸಿಲಿಗೆ ಅದರ ಅಂಟು ಕರಗಿ, ಪದರ ಬಿಟ್ಟು, ಒಳಬಂದ ನೀರು ಹೊರಹೋಗದ ಹಾಗೆ ಚೀಲ ಕಟ್ಟಿ ಕೊಟ್ಟಿತು. ಟೇಪೇ ಇಲ್ಲದಿದ್ದರೆ ಒಂದಿಷ್ಟು ಒಣಗುತ್ತಿತ್ತೋ ಏನೋ. ಮೊದಲು ಸುತ್ತಬೇಕಾದ್ದು ಸೆಲ್ಫ್ ಅಮಾಲ್ಗಮೇಟಿಂಗ್ ರಬ್ಬರ್ ಟೇಪು. ಅದಕ್ಕೆ ಅಂಟೇ ಇರೋದಿಲ್ಲ. ಎಳೆದು ಎಳೆದು ಸುತ್ತಿದರೆ ತನ್ನ ಮೈಗೆ ತಾನೇ ಬೆಸೆದುಕೊಂಡು ಒಂದೇ ರಬ್ಬರ್ ಮುದ್ದೆ ಆಗುತ್ತೆ. ಅದರ ಮೇಲೆ ಬಿಸಿಲು ತಡೆಯಲು ಒಳ್ಳೆ ಪಿವಿಸಿ ಟೇಪು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಸುತ್ತಿಕೊಂಡು ಹೋಗಬೇಕು. ಹಂಚು ಹೊದೆಸಿದವರನ್ನು ಕೇಳಿ, ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಅದರ ಮೇಲೆ ಹತ್ತಿ ಕೂರಬೇಕು, ಇಲ್ಲದಿದ್ದರೆ ನೀರು ಮನೆಯೊಳಗೆ. ಮಂಗಳೂರು ಹಂಚಿನ ಮನೆಯಲ್ಲಿ ಹುಟ್ಟಿದವನಿಗೆ ಇದು ಹೊಳೆಯದೇ ಹೋಯಿತಲ್ಲ ಅಂತ ಈಗಲೂ ನಾಚಿಕೆ. ಕೆಲವರು ಸಿಲಿಕಾನ್ ಪೇಸ್ಟ್ ಮೆತ್ತುತ್ತಾರೆ. ವಿನಿಗರ್ ವಾಸನೆ ಬರುವ ಸಿಲಿಕಾನ್ ಆದರೆ ಅದರ ಆಮ್ಲವೇ ತಾಮ್ರವನ್ನು ತಿನ್ನುತ್ತೆ, ಬೇಡ. ಮನೆಯೊಳಗೆ ಬರುವ ಮೊದಲು ಕೇಬಲ್ಲನ್ನು ಒಮ್ಮೆ ಕೆಳಗೆ ಇಳಿಬಿಟ್ಟು ಮತ್ತೆ ಮೇಲೆ ತನ್ನಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.

ಈಗ ನಾನು ಮೇ ತಿಂಗಳಲ್ಲಿ ಎಸ್‌ಡಬ್ಲ್ಯೂಆರ್ ಒಂದನ್ನೇ ನೋಡಿ ಸುಮ್ಮನಾಗೋದಿಲ್ಲ. ನ್ಯಾನೋ ವಿಎನ್‌ಎ ಅನ್ನುವ ಅಂಗೈ ಅಗಲದ ಅಳತೆಯಂತ್ರ ಬಂದ ಮೇಲೆ ಕೆಲಸ ಸುಲಭ. ಮೇಲೆ ಆಂಟೆನಾ ಕಳಚಿ, ಕೆಳಗಿನಿಂದ ರಿಟರ್ನ್ ಲಾಸ್ ನೋಡಿ ಅರ್ಧ ಮಾಡಿದರೆ ಕೇಬಲ್ ಎಷ್ಟು ತಿನ್ನುತ್ತಿದೆ ಅಂತ ಗೊತ್ತಾಗುತ್ತೆ. ಆ ಸಂಖ್ಯೆಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಇಸವಿ ಸಮೇತ ಬರೆದಿಡುತ್ತೇನೆ. ಎನ್ ಹಾಕಿದ ಹೊಸ ಕೇಬಲ್ಲು 2020ರಲ್ಲಿ 2.3 ಡಿಬಿ ಇದ್ದದ್ದು ಈ ವರ್ಷ 2.5. ಪೈಪು ಹತ್ತೋದು ಬೇಜಾರು ಹೌದು, ಮನೆಯಲ್ಲಿ ಬೈಗುಳವೂ ಉಂಟು.

"ಬೆಂಗಳೂರಲ್ಲಿ ಇಷ್ಟೆಲ್ಲ ಬೇಡ ಮಾರಾಯ, ನಿಮ್ಮ ಮಳೆ ನಮಗೆಲ್ಲಿ" ಅಂತ ಅಣ್ಣಯ್ಯನ ಸ್ನೇಹಿತರೊಬ್ಬರು ನಗಾಡಿದರು. ಇರಬಹುದು. ಅವರ ತಾರಸಿಯ ಪಿಎಲ್ ಹದಿನೈದು ವರ್ಷದಿಂದ ಹಾಗೇ ಇದೆಯಂತೆ. ಬಿಚ್ಚಿ ನೋಡಿದ್ದೀರಾ ಅಂತ ಕೇಳಿದೆ. "ಯಾಕೆ ಬಿಚ್ಚಬೇಕು? ಎಸ್‌ಡಬ್ಲ್ಯೂಆರ್ 1.1 ಇದೆಯಲ್ಲ" ಅಂದರು.

ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು: ಪೈಪಿನ ತುದಿಗೆ ಎನ್, ಮೇಜಿನ ಕಡೆಗೆ ಪಿಎಲ್, ನಡುವೆ ಒಂದೂ ಅಡಾಪ್ಟರ್ ಬೇಡ, ಕೇಬಲ್ಲಿಗೆ ತಕ್ಕ ಪಿನ್. ನಿನ್ನ ಆಂಟೆನಾದ ಬುಡದಲ್ಲಿ ಯಾವ ಸಾಕೆಟ್ ಹಾಕಿದೀಯ ಅಂತ ಕೇಳಿದರೆ ಎಸ್‌ಒ-239 ಅಂದ. ತೆಗೆದು ಎನ್ ಹಾಕು, ನಾಲ್ಕು ಸ್ಕ್ರೂ ಕೆಲಸ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾರ್, ಪಿಎಲ್ ಆಗ್ಲೇ ಎರಡು ತಂದುಬಿಟ್ಟಿದೀನಿ" ಅಂದ. ಒಂದನ್ನು ರೇಡಿಯೊದ ಕಡೆ ಹಾಕೋಣ, ಇನ್ನೊಂದು ನನಗೆ ಕೊಡು, ನನ್ನ ಪವರ್ ಮೀಟರಿಗೆ ಬೇಕು ಅಂದೆ. ಭಾನುವಾರ ಕೇಬಲ್ ಹಿಡಿದುಕೊಂಡು ಬರುತ್ತಾನಂತೆ. ಕ್ರಿಂಪ್ ಇಕ್ಕಳ ಯಾರ ಮನೆಯಲ್ಲಿದೆ ಅಂತ ಅಷ್ಟರೊಳಗೆ ಹುಡುಕಬೇಕು.